ಕೂ ಹಾಕಿದವನೂ ಲೆಕ್ಕ ಬರೆದವನೂ

ಮೂವತ್ತಾರನೇ ವಯಸ್ಸಿನಲ್ಲಿ ನಿವೃತ್ತಿಯ ನೆನಪು ಬರೆಯಲು ಕೂತರೆ ಜನ ನಗುತ್ತಾರೆ. ಸುಳ್ಯದ ಬ್ಯಾಂಕಿನಲ್ಲಿ ಪಿಂಚಣಿಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಹಿರಿಯರೊಬ್ಬರು, ಅಪ್ಪನ ಪಿಂಚಣಿಗೆ ಬಂದದ್ದಾ ಎಂದು ಕೇಳಿದರು. ನನ್ನದೇ ಎಂದೆ. ಮೇಲಿಂದ ಕೆಳಗೆ ನೋಡಿ, ಒಳ್ಳೆ ಕೆಲಸ ಮಾರಾಯ ಎಂದರು. ಸೈನ್ಯದಲ್ಲಿ ನಾನು ಇದ್ದದ್ದು ಹದಿನೇಳು ವರ್ಷ, ಎರಡು ತಿಂಗಳು, ಒಂಬತ್ತು ದಿನ. ಬಳಿಕ ನಾನಾಗಿ ಕೇಳಿ ಹೊರಬಂದೆ. ಪ್ರತಿ ಡಿಸೆಂಬರಿನಲ್ಲಿ ಅಣ್ಣ ಪುತ್ತೂರಿನ ಒಂದು ಅಂಗಡಿಯಿಂದ ಡೈರಿ ಕೊಂಡು ಕಳಿಸುತ್ತಿದ್ದ. ಅಂಥ ಹದಿನೆಂಟು ಡೈರಿಗಳು ಮಂಡೆಕೋಲಿನ ಮನೆಯ ಕಪಾಟಿನಲ್ಲಿವೆ. ಸ್ಥಳದ ಹೆಸರು ಬರೆಯಬಾರದು ಎಂಬ ಷರತ್ತಿನ ಮೇಲೆ ಮೇಲಿನವರು ಅನುಮತಿ ಕೊಟ್ಟಿದ್ದರು. ಹಾಗಾಗಿ ಅವುಗಳಲ್ಲಿ ತಾರೀಕು, ಗಂಟೆ, ಹವೆ, ಎಷ್ಟು ಗುಂಡು ಕೊಟ್ಟರು, ಎಷ್ಟು ಹಾರಿತು, ಎಷ್ಟು ಹಿಂದೆ ಕೊಟ್ಟೆ ಎಂಬುದು ಇದೆ. ಊರುಗಳಿಲ್ಲ.

ಈಗ ಭಾನುವಾರ ಬೆಳಿಗ್ಗೆ ಸುಳ್ಯದ ಒಂದು ಶಾಲಾ ಮೈದಾನದಲ್ಲಿ ಸೈನ್ಯಕ್ಕೆ ಸೇರಬೇಕೆಂದಿರುವ ಹದಿಮೂರು ಮಂದಿಗೆ ಓಟ, ಕಸರತ್ತು ಕಲಿಸುತ್ತೇನೆ. ಹನ್ನೊಂದು ಹುಡುಗರು, ಇಬ್ಬರು ಹುಡುಗಿಯರು. ಓಟ ಮುಗಿದು ನೀರು ಕುಡಿಯುವಾಗ ಅವರು ಕೇಳುವುದು ಒಂದೇ ಪ್ರಶ್ನೆ. ಸರ್, ಎಷ್ಟು ಜನರನ್ನು ಹೊಡೆದಿದ್ದೀರಿ?

ಅಭ್ಯಾಸದ ಮೈದಾನದಲ್ಲಿ ಹಾರಿಸಿದ್ದನ್ನು ಬಿಟ್ಟರೆ, ಕರ್ತವ್ಯದಲ್ಲಿ ನಾನು ಹಾರಿಸಿದ್ದು ಒಟ್ಟು ಇಪ್ಪತ್ತೈದು ಗುಂಡು. ಎರಡು ದಿನಗಳಲ್ಲಿ. ಹನ್ನೊಂದು ಒಂದು ಹೇಸರಗತ್ತೆಯ ಮೇಲೆ. ಹದಿನಾಲ್ಕು ಒಂದು ಗುಡ್ಡದ ಮೇಲೆ. ಇದನ್ನು ಹೇಳಿದರೆ ಮಕ್ಕಳ ಮುಖ ಬಾಡುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದರಲ್ಲಿ ತೀರ್ಥರಾಮನ ಹೆಸರು ನನ್ನ ಹೆಸರಿಗಿಂತ ಹೆಚ್ಚು ಸಲ ಬರುತ್ತದೆ. ಅವನು ಕೊಲ್ಲಮೊಗ್ರಿನವನು. ಒಂದೇ ದಿನ ಒಂದೇ ಸಾಲಿನಲ್ಲಿ ನಿಂತು ನಾವಿಬ್ಬರೂ ಆಯ್ಕೆಯಾದವರು. ದೂರದ ಸಂಬಂಧದಲ್ಲಿ ನನಗೆ ಭಾವನಾಗಬೇಕು. ಹದಿನೇಳು ವರ್ಷ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು. ಈಗಲೂ ಇದೆ. ಓದುವವರು ಇದನ್ನು ಮೊದಲೇ ತಿಳಿದಿರಲಿ, ಏಕೆಂದರೆ ಮುಂದೆ ಹೇಳುವ ಸಂಗತಿಗೆ ಅದೇ ಕಾರಣ.

ಶುರುವಾದದ್ದು ತರಬೇತಿಯ ಏಳನೇ ವಾರದಲ್ಲಿ, ಮೊದಲ ಸಲ ಗುಂಡು ಹಾರಿಸಿದ ದಿನ. ತಲಾ ಐದು ಗುಂಡು. ನಾನು ಬೇಗ ಮುಗಿಸಿದೆ. ಗುರಿಯ ಹಲಗೆಯೊಳಗೆ ನಾಲ್ಕು, ಹೊರಗೆ ಒಂದು. ಎಲ್ಲರದೂ ಮುಗಿದ ಮೇಲೂ ತೀರ್ಥರಾಮ ಒಬ್ಬನೇ ಮಲಗಿದ್ದ. ಉಸ್ತಾದರು, ಅಂದರೆ ಕಲಿಸುವ ಹವಾಲ್ದಾರರು, ಬೈಯಲು ಬಾಯಿ ತೆರೆದಾಗ ಅವನ ಕೊನೆಯ ಗುಂಡು ಹೋಯಿತು. ಐದೂ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, ಅಜ್ಜನ ಬೆಳೆ ಕಾಯುವ ಕೋವಿಯಲ್ಲಿ ಎಂದ. ಒಂಟಿ ನಳಿಗೆಯ ಕೋವಿ. ಒಂದು ಸಲ ಹಾರಿಸಿದರೆ ಮತ್ತೆ ತುಂಬುವಷ್ಟರಲ್ಲಿ ಹಂದಿ ಮಡಿಕೇರಿ ತಲುಪುತ್ತದೆ, ಹಾಗಾಗಿ ನೋಡದೆ ಹಾರಿಸಿ ಅಭ್ಯಾಸ ಇಲ್ಲ ಎಂದ. ಉಸ್ತಾದರು ಅವನ ಹಲಗೆಯನ್ನು ಎಲ್ಲರಿಗೂ ತೋರಿಸಿದರು. ಎಷ್ಟು ಹೊತ್ತು ತೆಗೆದುಕೊಂಡೆ ಎಂದು ಕೇಳಿದಾಗ ಅವನು ನನ್ನ ಕಡೆ ಬೆರಳು ತೋರಿಸಿದ.

"ಲೆಕ್ಕ ಇವನತ್ರ ಉಂಟು, ಕೇಳಿ."

ನಾವು ಮಾತಾಡುವುದು ಅರೆಭಾಷೆಯಲ್ಲಿ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಈ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ವಾಕ್ಯವನ್ನು ಮಾತ್ರ ಅವನು ಎಷ್ಟೋ ಭಾಷೆಗಳಲ್ಲಿ ಹೇಳಿದ್ದಾನೆ. ರಜೆಯ ದಿನ ಎಷ್ಟು ಉಳಿದಿದೆ, ಸಂಬಳ ಯಾವಾಗ ಬಂತು, ಕೊನೆಯ ಹಿಮ ಯಾವತ್ತು ಬಿತ್ತು, ಏನೇ ಕೇಳಿದರೂ ಅದೇ ಉತ್ತರ. ಜನ ನಗುತ್ತಿದ್ದರು. ನಾನು ಹೇಳುತ್ತಿದ್ದೆ, ನಾಲ್ಕು ನಿಮಿಷ ನಲವತ್ತು ಸೆಕೆಂಡು.

ಹೊಟ್ಟೆಕಿಚ್ಚಿಗೆ ಕಾರಣಗಳು ಸಣ್ಣವು. ಮಲಗಿ ಎರಡು ನಿಮಿಷದೊಳಗೆ ಅವನಿಗೆ ನಿದ್ದೆ ಬರುತ್ತಿತ್ತು. ಚಹಾ ಕುದಿಸುವವನು ಅವನ ಲೋಟಕ್ಕೆ ಒಂದು ಬೆರಳು ಹೆಚ್ಚು ಹಾಕುತ್ತಿದ್ದ. ವರ್ಷಕ್ಕೊಮ್ಮೆ ಅವನ ಅಮ್ಮ ಮಾಂಬಳ ಕಳಿಸುತ್ತಿದ್ದರು. ಕಾಟು ಮಾವಿನ, ಅಂದರೆ ಕಾಡು ಮಾವಿನ, ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಒಣಗಿಸಿ, ಬಟ್ಟೆಯಲ್ಲಿ ಹೊಲಿದ ಪೊಟ್ಟಣ. ಅದರಿಂದ ನನಗೆ ಶನಿವಾರಕ್ಕೊಂದು ತುಂಡು ಕೊಡುತ್ತಿದ್ದ. ನನ್ನ ಡೈರಿಯಲ್ಲಿ ಶನಿವಾರಗಳ ಎದುರು "ಮಾಂಬಳ ೧" ಎಂದು ಇದೆ. ತಿನ್ನುವಾಗಲೂ, ನನ್ನ ಮನೆಯಿಂದ ಬರೀ ಡೈರಿ ಬರುತ್ತದಲ್ಲ ಎಂಬುದೇ ತಲೆಯಲ್ಲಿ.

ಹೇಸರಗತ್ತೆಯ ಸಂಗತಿ ಆದದ್ದು ನಾಲ್ಕನೇ ವರ್ಷ. ಡೈರಿಯಲ್ಲಿ ನವೆಂಬರ್ ಆರು, ಬೆಳಿಗ್ಗೆ ಏಳೂಕಾಲು, ಮಂಜು, ಇಪ್ಪತ್ತು ಹೆಜ್ಜೆಯಾಚೆ ಕಾಣುವುದಿಲ್ಲ ಎಂದಿದೆ. ಉತ್ತರದ ಗಡಿಯ ಒಂದು ಪೋಸ್ಟಿನಲ್ಲಿ ನನ್ನ ಕಾವಲು. ನಮ್ಮ ಕಾವಲಿನ ಜಾಗಕ್ಕೆ ಮೋರ್ಚಾ ಎನ್ನುತ್ತಾರೆ. ಕಲ್ಲು ಜೋಡಿಸಿ ಎದೆಮಟ್ಟ ಎಬ್ಬಿಸಿದ ಗೋಡೆ, ಅದರ ಹಿಂದೆ ನಾವು. ಕೆಳಗಿನ ಪೊದೆಯಲ್ಲಿ ಏನೋ ಸರಿಯಿತು. ಕೂಗಿ ಕೇಳಿದೆ, ಯಾರದು ಎಂದು. ಉತ್ತರ ಇಲ್ಲ. ಹಾರಿಸಿದೆ. ಪೊದೆ ಇನ್ನೂ ಜೋರಾಗಿ ಅಲುಗಿತು. ಮತ್ತೆ ಹಾರಿಸಿದೆ. ಅಲುಗಾಟ ನಿಂತ ಮೇಲೂ ಹಾರಿಸುತ್ತಲೇ ಇದ್ದೆ. ಮಂಜು ಸರಿದಾಗ ಕಂಡದ್ದು ಕೆಳಗಿನ ಹಳ್ಳಿಯ ಮುದುಕರೊಬ್ಬರ ಹೇಸರಗತ್ತೆ, ಬೆನ್ನ ಮೇಲೆ ನೀರಿನ ಎರಡು ಕ್ಯಾನು.

ನಮ್ಮ ಸುಬೇದಾರರು ಗಢವಾಲದವರು, ಕಡಿಮೆ ಮಾತಿನ ಮನುಷ್ಯ. ಅವರು ನನ್ನನ್ನು ಬೈಯಲಿಲ್ಲ. ಖಾಲಿ ತೋಟಾಗಳನ್ನು ನನ್ನ ಕೈಯಿಂದಲೇ ಹೆಕ್ಕಿಸಿ, ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಲು ಹೇಳಿದರು. ಹನ್ನೊಂದು ನಿಂತವು. ಒಂದೊಂದನ್ನೇ ಮುಟ್ಟಿ ಇದು ಏಕೆ ಹಾರಿತು ಹೇಳು ಎಂದರು. ಮೊದಲನೆಯದು, ಅಪಾಯ ಅನ್ನಿಸಿತು ಸಾಬ್ ಎಂದೆ. ಅದು ಸರಿ ಎಂದರು. ಎರಡನೆಯದು, ಇನ್ನೂ ಅಲುಗುತ್ತಿತ್ತು. ಅದೂ ಇರಲಿ ಎಂದರು. ಮೂರನೆಯದಕ್ಕೂ ಅದನ್ನೇ ಹೇಳಿದೆ. ನಾಲ್ಕನೆಯದರಿಂದ ಮುಂದೆ ಪೊದೆ ಅಲುಗುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಅವರು ಹಿಂದಿಯಲ್ಲಿ ಹೇಳಿದ್ದರ ಅರ್ಥ ಇಷ್ಟು. ನಿನ್ನ ಜೀವ ಉಳಿಸಿಕೊಳ್ಳುವ ಹಕ್ಕು ನಿನಗೆ ಇದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಆ ಹಕ್ಕು ಅಪಾಯ ಇರುವಷ್ಟು ಹೊತ್ತು, ಅಪಾಯದಷ್ಟೇ ದೊಡ್ಡದು. ಅಪಾಯ ನಿಂತ ಮೇಲೆ ಹಾರಿದ ಗುಂಡು ನಿನ್ನ ಭಯದ್ದು. ಭಯ ನಿನ್ನ ಸ್ವಂತದ್ದು, ಅದಕ್ಕೆ ಸರಕಾರದ ಗುಂಡು ಯಾಕೆ?

ಆ ಮುದುಕರ ಮನೆಗೆ ಝರಿಯಿಂದ ನೀರು ತರುತ್ತಿದ್ದುದು ಆ ಹೇಸರಗತ್ತೆ. ಸರಕಾರದ ಪರಿಹಾರ ಬರುವ ತನಕ ಅದರ ಕೆಲಸ ನನ್ನದು ಎಂದರು ಸುಬೇದಾರರು. ಹದಿನೈದು ದಿನ, ದಿನಕ್ಕೆ ನಾಲ್ಕು ಸಲ, ಒಟ್ಟು ಅರುವತ್ತು ಸಲ ನೀರು ಹೊತ್ತೆ. ತೀರ್ಥರಾಮ ಯಾರೂ ಹೇಳದೆ ತನ್ನ ಬಿಡುವಿನಲ್ಲಿ ಬಂದು ಒಂಬತ್ತು ಸಲ ನನ್ನ ಜತೆ ಹೊತ್ತ. ಕೊನೆಯ ದಿನ ಆ ಮುದುಕರು ಅಂಗಳಕ್ಕೆ ಕರೆದು ಅವನ ಕಿಸೆಗೆ ಎರಡು ಹಿಡಿ ಅಕ್ರೋಟು ತುಂಬಿದರು. ನನಗೆ ಒಂದು ಹಿಡಿ. ಐವತ್ತೊಂದು ಸಲ ಒಬ್ಬನೇ ಹೊತ್ತವನು ನಾನು ಎಂದು ಡೈರಿಯಲ್ಲಿ ಬರೆದೆ. ಕೊಂದವನೂ ನಾನೇ ಎಂಬುದು ಆ ಪುಟದಲ್ಲಿ ಇಲ್ಲ. ಅದು ನವೆಂಬರ್ ಆರರ ಪುಟದಲ್ಲಿ ಇದ್ದೇ ಇದೆ, ಮತ್ತೆ ಯಾಕೆ ಎಂದುಕೊಂಡೆ.

ಈಗ ಮುಖ್ಯ ಸಂಗತಿ. ಒಂಬತ್ತನೇ ವರ್ಷ, ಇನ್ನೊಂದು ಪೋಸ್ಟು. ಎದುರಿನ ಗುಡ್ಡ ಗಡಿಯಾಚೆಯ ಸೈನ್ಯದ್ದು, ನಡುವೆ ಒಂದು ತೊರೆ. ಹಿಂದಿನ ವಾರ ಪಕ್ಕದ ಪೋಸ್ಟಿನಲ್ಲಿ ಒಬ್ಬ ಜವಾನ ತೀರಿಕೊಂಡಿದ್ದ. ಎಲ್ಲರ ಕೈಯೂ ಚಡಪಡಿಸುತ್ತಿತ್ತು. ನಮ್ಮ ಕ್ಯಾಪ್ಟನ್ ಹೊಸ ಆಜ್ಞೆ ಓದಿ ಹೇಳಿದ್ದರು. ತೊರೆ ದಾಟಿ ಬರುವ ಯಾರನ್ನೇ ಆಗಲಿ ಮೂರು ಸಲ ನಿಲ್ಲಲು ಕೂಗಿ ಹೇಳಬೇಕು, ನಿಲ್ಲದಿದ್ದರೆ ಹಾರಿಸಬೇಕು. ನಾನೂ ತೀರ್ಥರಾಮನೂ ಆಗ ನಾಯಕರು, ಅಂದರೆ ತೋಳಿನ ಮೇಲೆ ಎರಡು ಪಟ್ಟಿ. ಹವಾಲ್ದಾರ ಬಡ್ತಿಯ ತರಗತಿಗೆ ಆ ವರ್ಷ ನಮ್ಮ ಕಂಪನಿಯಿಂದ ಒಬ್ಬನಿಗೆ ಜಾಗ ಎಂದು ಹದಿನೈದು ದಿನ ಹಿಂದೆ ತಿಳಿದಿತ್ತು. ಯಾರ ಹೆಸರು ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನದಲ್ಲ.

ಫೆಬ್ರವರಿ ಹನ್ನೊಂದು, ಮಧ್ಯಾಹ್ನ. ಹಿಮದ ಪುಡಿ ಹಾರುತ್ತಿತ್ತು. ಮೋರ್ಚಾದಲ್ಲಿ ಮೂವರಿದ್ದೆವು: ಸೊಲ್ಲಾಪುರದ ಇಪ್ಪತ್ತನಾಲ್ಕರ ಸಿಪಾಯಿ ಪಾಂಡುರಂಗ, ತೀರ್ಥರಾಮ, ನಾನು. ತೊರೆಯ ಕಲ್ಲುಗಳ ನಡುವೆ ಮೂರು ಆಕೃತಿಗಳು ಕಂಡವು. ಮೂರರ ಹೆಗಲ ಮೇಲೂ ಉದ್ದನೆಯದು ಏನೋ ಇತ್ತು. ನಾನು ರೈಫಲ್ ಎತ್ತಿ ಮುಂದಿನವನ ಎದೆಗೆ ಗುರಿ ಹಿಡಿದೆ. ಕೂಗುವುದು ತೀರ್ಥರಾಮನ ಕೆಲಸ, ಅವನು ಆ ಕಾವಲಿನ ಹಿರಿಯ.

ಅವನು ಆಜ್ಞೆಯಲ್ಲಿದ್ದಂತೆ ಕೂಗಲಿಲ್ಲ. ಎರಡೂ ಅಂಗೈ ಬಾಯಿಗೆ ಹಿಡಿದು ಉದ್ದಕ್ಕೆ ಒಂದು ಕೂ ಹಾಕಿದ.

ನಮ್ಮ ಕಡೆಯ ಕಾಡಂಚಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಕೋವಿ ಹಿಡಿದು ಬೆಳೆ ಕಾಯಲು ಹೋದವನು ಪೊದೆ ಅಲುಗಿದರೆ ಮೊದಲು ಒಂದು ಕೂ ಹಾಕಬೇಕು ಎಂಬುದು ತೀರ್ಥರಾಮನ ಅಜ್ಜ ಮಾಡಿದ ಕಟ್ಟಳೆ. ಮನುಷ್ಯನಾದರೆ, ಯಾವ ಜಾತಿ ಯಾವ ಭಾಷೆಯವನಾದರೂ, ತಿರುಗಿ ಕೂ ಹಾಕುತ್ತಾನೆ. ಹಂದಿ ಹಾಕುವುದಿಲ್ಲ. ಸೌದೆಗೆ ಹೋದವರೊಬ್ಬರಿಗೆ ಹಿಂದೆ ಯಾರದೋ ಕೋವಿಯ ಚರೆಗುಂಡು ತಗುಲಿದ ಮೇಲೆ ಬಂದ ಪದ್ಧತಿ ಅಂತೆ. ಒಂಬತ್ತು ವರ್ಷದ ತರಬೇತಿ, ಆಜ್ಞೆ, ಎಲ್ಲವನ್ನೂ ದಾಟಿ ಅವನ ಗಂಟಲಿನಿಂದ ಬಂದದ್ದು ಅದು. ಆ ಕಣಿವೆಯಲ್ಲಿ ಕೂ ಮೂರು ಸಲ ಮಾರ್ದನಿಸಿತು. ನಾವು ಎಲ್ಲಿದ್ದೇವೆಂದು ಎದುರಿನ ಗುಡ್ಡದ ಪ್ರತಿಯೊಬ್ಬನಿಗೂ ಗೊತ್ತಾಯಿತು ಎಂದುಕೊಂಡೆ. ನನ್ನ ಬೆರಳು ರೈಫಲ್ಲಿನ ಟ್ರಿಗರಿನ ಮೇಲೆ ಇತ್ತು.

ಕೆಳಗಿನಿಂದ ತಿರುಗಿ ಬಂತು, ಒಡಕು ದನಿಯ ಒಂದು ಹೋ.

ನನ್ನ ಬೆರಳು ಸಡಿಲವಾಯಿತು. ಅವರು ಹೊತ್ತಿದ್ದನ್ನು ಕೆಳಗಿಟ್ಟು, ಕೈ ಎತ್ತಿ ಹಿಮದ ಮೇಲೆ ಕೂತರು. ಗಡಿಯ ನಮ್ಮ ಕಡೆಯದೇ ಹಳ್ಳಿಯ ಕುರಿ ಕಾಯುವವರು; ಒಬ್ಬ ಅಪ್ಪ, ಇಬ್ಬರು ಬೆಳೆದ ಮಕ್ಕಳು. ಕೊಟ್ಟಿಗೆಗೆ ದೇವದಾರಿನ ಗಳ ತರುತ್ತಿದ್ದರು. ಹಿಂದಿಯ ಆಜ್ಞೆ ಆ ಗಾಳಿಯಲ್ಲಿ ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಸ್ವಲ್ಪ ಹೊತ್ತಿನಲ್ಲಿ ಎದುರಿನ ಗುಡ್ಡದಿಂದ ಮೆಷಿನ್‌ಗನ್ ಶುರುವಾಯಿತು. ನಮ್ಮ ಗೋಡೆಯ ಕಲ್ಲು ಸಿಡಿದು ಪಾಂಡುರಂಗನ ಎಡಗೈಯ ಎರಡು ಬೆರಳು ಹೋದವು. ನಾನು ಹದಿನಾಲ್ಕು ಗುಂಡು ಹಾರಿಸಿದೆ, ಗುಡ್ಡದ ಕಡೆಗೆ, ಏನನ್ನೂ ನೋಡದೆ. ತೀರ್ಥರಾಮ ನಮ್ಮ ಲಘು ಮೆಷಿನ್‌ಗನ್ನಿನ ಹಿಂದೆ ಮಲಗಿದ. ಎದುರಿನ ಗನ್ ಇದ್ದದ್ದು ಒಂದು ಮನೆಯ ಬದಿಯಲ್ಲಿ. ಆ ಮನೆಯ ಮಾಡಿನಿಂದ ಅಡುಗೆಯ ಹೊಗೆ ಏಳುತ್ತಿತ್ತು. ಹಿಂದಿನ ಹೊಂಡದಲ್ಲಿ ನಮ್ಮ ಮೋರ್ಟಾರು ಸಿದ್ಧವಿತ್ತು. ಕ್ಯಾಪ್ಟನ್ ವೈರ್‌ಲೆಸ್ಸಿನಲ್ಲಿ ಹೇಳಿದರು, ಮೋರ್ಟಾರು ಬೇಡ, ಹೊಗೆ ಕಾಣುತ್ತಿದೆ, ಗನ್ನಿಗೆ ಮಾತ್ರ ಉತ್ತರ ಕೊಡಿ. ಪಾಂಡುರಂಗನ ರಕ್ತ ನನ್ನ ಬೂಟಿನ ಮೇಲೆ. ಆ ಕ್ಷಣ ಕ್ಯಾಪ್ಟನ್ ಹೇಡಿ ಎಂದು ನನಗೆ ಅನ್ನಿಸಿತು, ಬರೆದೂ ಇದ್ದೇನೆ. ಇವತ್ತು ಹಾಗೆ ಅನ್ನಿಸುವುದಿಲ್ಲ. ಆ ಮನೆಯಲ್ಲಿ ಒಲೆ ಹಚ್ಚಿದವಳು ನಮ್ಮ ಮೇಲೆ ಗುಂಡು ಹಾರಿಸಿರಲಿಲ್ಲ.

ತೀರ್ಥರಾಮ ಮೂರು ಮೂರು ಗುಂಡಿನಂತೆ ಆರು ಸಲ ಹಾರಿಸಿದ. ಹದಿನೆಂಟು. ಎದುರಿನದು ನಿಂತಿತು. ಅವನು ಬೆರಳು ತೆಗೆದ. ಇನ್ನೂ ಹೊಡಿ, ಇನ್ನೂ ಹೊಡಿ ಎಂದು ಕಿರುಚಿದವನು ನಾನು.

"ನಿಂತಿತಲ್ಲ ಭಾವ," ಎಂದ. "ಮತ್ತೆಂತಕ್ಕೆ?"

ಹದಿನೆಂಟು ಎಂಬ ಆ ಸಂಖ್ಯೆಯ ಮೇಲೆ ನನಗಾದಷ್ಟು ಹೊಟ್ಟೆಕಿಚ್ಚು ಯಾವ ಪದಕದ ಮೇಲೂ ಆಗಿಲ್ಲ. ಸುಬೇದಾರರ ಪಾಠ ಕಲಿಯಲು ನಾನು ಅರುವತ್ತು ಸಲ ನೀರು ಹೊತ್ತಿದ್ದೆ. ಅದು ಅವನ ಬೆರಳಿನಲ್ಲಿ ಮೊದಲೇ ಇತ್ತು.

ಮೂರು ವಾರದ ಬಳಿಕ ವಿಚಾರಣೆ ನಡೆಯಿತು. ಮೇಜಿನಾಚೆ ಮೂವರು ಅಧಿಕಾರಿಗಳು. ಒಬ್ಬ ಜವಾನನ ಎರಡು ಬೆರಳು ಹೋಗಿವೆ, ಪೋಸ್ಟಿನ ಜಾಗ ಶತ್ರುವಿಗೆ ಹೇಗೆ ಗೊತ್ತಾಯಿತು ಎಂಬುದು ಪ್ರಶ್ನೆ. ತೀರ್ಥರಾಮ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡ. ಆಜ್ಞೆಯಂತೆ ಮೂರು ಸಲ ಕೂಗಲಿಲ್ಲ, ಊರಿನ ಅಭ್ಯಾಸದಲ್ಲಿ ಕೂ ಹಾಕಿದೆ, ತಪ್ಪು ನನ್ನದು ಎಂದ. ಆ ಮೂವರ ಮೇಲೆ ಗುಂಡು ಬೀಳಲಿಲ್ಲ ಎಂಬುದನ್ನು ಅವನು ತನ್ನ ಪರವಾಗಿ ಹೇಳಿಕೊಳ್ಳಲೇ ಇಲ್ಲ. ಕೂ ಹಾಕಿದ್ದಕ್ಕೂ ಗುಂಡು ಬಂದದ್ದಕ್ಕೂ ನಡುವೆ ಎಷ್ಟು ಹೊತ್ತು, ಏನೇನಾಯಿತು ಎಂದು ಕೇಳಿದರು. ಅವನು ನನ್ನ ಕಡೆ ನೋಡಿದ.

"ಲೆಕ್ಕ ಇವನತ್ರ ಉಂಟು ಸಾಬ್," ಎಂದು ಹಿಂದಿಯಲ್ಲಿ ಹೇಳಿದ. "ಕೇಳಿ."

ನನ್ನ ಡೈರಿ ಮೇಜಿನ ಮೇಲೆ ಹೋಯಿತು. ನಾನೇ ಓದಿದೆ. ೩.೧೦, ತೀರ್ಥರಾಮ ಕೂ ಹಾಕಿದ. ೩.೧೪, ಮೂವರೂ ಕೈ ಎತ್ತಿ ಕೂತರು. ೩.೨೨, ಎದುರಿನಿಂದ ಗುಂಡು. ಅಧಿಕಾರಿಗಳು ಡೈರಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ನೋಡಿ, ಒಳ್ಳೆಯ ದಾಖಲೆ ಎಂದರು. ಅದರಲ್ಲಿದ್ದ ಪ್ರತಿಯೊಂದು ಅಕ್ಷರವೂ ನಿಜ.

೩.೧೪ ಮತ್ತು ೩.೨೨ರ ನಡುವೆ ಒಂದು ಗೆರೆ ಖಾಲಿ ಇತ್ತು. ಅಲ್ಲಿ ಬರೆಯಬೇಕಾಗಿದ್ದದ್ದು ಇದು. ೩.೧೯ಕ್ಕೆ, ಕುರಿ ಕಾಯುವವರು ಕೂತ ಮೇಲೆ, ತೀರ್ಥರಾಮನಿಗೆ ಬೈಯುವ ಭರದಲ್ಲಿ ನಾನು ಗೋಡೆಯ ಮೇಲೆ ಹತ್ತಿ ನಿಂತೆ. ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ. ಬೆನ್ನ ಹಿಂದೆ ಬಿಳಿ ಆಕಾಶ. ಕೈ ಬೀಸಿ ಬೀಸಿ ಬೈದೆ: ನಿನಗೆ ಇದು ಕೊಲ್ಲಮೊಗ್ರಾ, ಹಂದಿ ಓಡಿಸಲು ಬಂದದ್ದಾ ಎಂದು. ಪೂರ್ತಿ ಒಂದು ನಿಮಿಷ. ಎದುರಿನ ಗುಡ್ಡದವನಿಗೆ ಕಿವಿ ಕೇಳದಿದ್ದರೂ ನಾನು ಕಾಣುತ್ತಿದ್ದೆ.

ಗುಂಡು ಬಂದದ್ದು ಕೂಗಿನಿಂದಲೋ, ನಾನು ನಿಂತದ್ದರಿಂದಲೋ, ಎರಡರಿಂದಲೂ ಅಲ್ಲವೋ, ಇಂದಿಗೂ ಗೊತ್ತಿಲ್ಲ. ಆ ಸಂಜೆ ಬರೆಯುವಾಗ, ಇದನ್ನು ಮತ್ತೆ ಬರೆಯುತ್ತೇನೆಂದು ಗೆರೆ ಬಿಟ್ಟೆ. ಮರುದಿನ ಬರೆಯಲಿಲ್ಲ. ಮೂರು ವಾರ ಬರೆಯಲಿಲ್ಲ. ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಪಾಂಡುರಂಗ ಆಸ್ಪತ್ರೆಯಲ್ಲಿದ್ದ, ಆ ಒಂದು ನಿಮಿಷ ಅವನು ತೊರೆಯ ಕಡೆ ನೋಡುತ್ತಿದ್ದ. ಕಂಡಿರಬಹುದಾದವನು ತೀರ್ಥರಾಮ ಒಬ್ಬನೇ. ಅವನು ಮೇಜಿನ ಈಚೆ ಅಟೆನ್ಶನ್ನಿನಲ್ಲಿ ನಿಂತಿದ್ದ. ಬೈಗುಳ ಕೇಳಿದ್ದರೂ ಅವನ ಕಣ್ಣು ಕುರಿ ಕಾಯುವವರ ಮೇಲೇ ಇತ್ತು, ನಾನು ಗೋಡೆ ಹತ್ತಿದ್ದು ಕಂಡಿರಲಿಕ್ಕಿಲ್ಲ, ಕಂಡಿದ್ದರೆ ಹೇಳುತ್ತಿದ್ದ ಎಂದುಕೊಂಡೆ.

ಅವನಿಗೆ ತೀವ್ರ ಛೀಮಾರಿ ದಾಖಲಾಯಿತು, ತರಗತಿಗೆ ಹೋಗುವ ಹೆಸರು ಬದಲಾಯಿತು. ಮುಂದೆ ಅವನು ನಾಯಕನಾಗಿಯೇ ನಿವೃತ್ತನಾದ. ನನ್ನದು ಏನಾಯಿತು ಎಂದು ಬರೆಯುವುದಿಲ್ಲ. ಊಹಿಸಬಹುದು.

ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಛೀಮಾರಿ ಬಿದ್ದ ದಿನವೂ ಅವನು ಎರಡು ನಿಮಿಷದಲ್ಲಿ ನಿದ್ದೆ ಹೋದ. ಚಹಾ ಕುದಿಸುವವನು ಅವನ ಲೋಟಕ್ಕೆ ಈಗ ಎರಡು ಬೆರಳು ಹೆಚ್ಚು ಹಾಕತೊಡಗಿದ. ಶಿಕ್ಷೆ ಓದಿ ಹೇಳಿದ ಕ್ಯಾಪ್ಟನ್ನೇ ವರ್ಗವಾಗಿ ಹೋಗುವಾಗ ಅವನ ಕೈ ಕುಲುಕಿದರು, ನನ್ನ ಸೆಲ್ಯೂಟಿಗೆ ಸೆಲ್ಯೂಟು ಕೊಟ್ಟರು. ಆ ಕುರಿ ಕಾಯುವ ಅಪ್ಪ ಕೂ ಹಾಕಿದವನು ಯಾರೆಂದು ಕೇಳಿಕೊಂಡು ಪೋಸ್ಟಿನ ಬೇಲಿಯ ತನಕ ಬಂದು, ಒಂದು ಉಣ್ಣೆಯ ಟೋಪಿ ಕೊಟ್ಟು ಹೋದ. ಗುರಿ ಹಿಡಿದಿದ್ದವನು ಯಾರೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾನಿದ್ದೆ.

ಡೈರಿಯಲ್ಲಿ ಇನ್ನೊಂದು ನಮೂದು ಇದೆ, ಆಗ ಅರ್ಥವಾಗದೆ ಬರೆದದ್ದು. ವಿಚಾರಣೆಯ ನಂತರದ ಶನಿವಾರ: "ಮಾಂಬಳ ಇಲ್ಲ." ಮುಂದಿನ ಶನಿವಾರ: "ಇಲ್ಲ." ಪೊಟ್ಟಣ ಬರುತ್ತಿತ್ತು, ಉಳಿದವರು ತಿನ್ನುತ್ತಿದ್ದರು. ನನಗೆ ಅನ್ನ ಬಡಿಸುತ್ತಿದ್ದ, ರಜೆಯಲ್ಲಿ ಜತೆಗೆ ರೈಲು ಹತ್ತುತ್ತಿದ್ದ, ನನ್ನ ಮದುವೆಯಲ್ಲಿ ಮೂರು ದಿನ ನಿಂತು ಕೆಲಸ ಮಾಡಿದ. ಮಾಂಬಳ ಮಾತ್ರ ಇಲ್ಲ. ಎಣಿಸಿದರೆ ಮುನ್ನೂರಕ್ಕಿಂತ ಹೆಚ್ಚು ಶನಿವಾರಗಳು. ಮರೆತಿರಬೇಕು ಎಂದುಕೊಂಡಿದ್ದೆ, ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.

ಸೇರಲು ಹೊರಟವರಿಗೆ ಇಲ್ಲಿ ಒಂದು ಮಾತು. ಈಗ ಕಾವಲಿನ ವಿಧಾನ ಬದಲಾಗಿದೆ. ನನ್ನ ಕೊನೆಯ ವರ್ಷಗಳಲ್ಲಿ ಮೈಯ ಬಿಸಿಯನ್ನು ಹಿಡಿಯುವ ಕ್ಯಾಮೆರಾ ಬಂತು, ಡ್ರೋನ್ ಬಂತು. ಮಂಜಿನಲ್ಲೂ ಮೂರು ಆಕೃತಿ ಬೆಳ್ಳಗೆ ಕಾಣುತ್ತವೆ. ಹೆಗಲ ಮೇಲಿನದು ಗಳವೋ ರೈಫಲ್ಲೋ ಎಂದು ಮಾತ್ರ ಆಗಲೂ ಒಬ್ಬ ಮನುಷ್ಯ ಹೇಳಬೇಕು, ಮತ್ತು ತಪ್ಪು ಹೇಳಬಹುದು. ಡ್ರೋನ್ ಮೇಲಿನಿಂದ ನೋಡುತ್ತದೆ. ಕೆಳಗಿನವನು ತಿರುಗಿ ಕೂಗಿದರೆ ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಆಜ್ಞೆ ಮೀರಿ ಎಂದು ನಾನು ಹೇಳುತ್ತಿಲ್ಲ. ತೀರ್ಥರಾಮ ಮಾಡಿದ್ದು ತಪ್ಪೇ, ಕಣಿವೆಗೆಲ್ಲ ಕೇಳುವಂತೆ ಕೂಗಬಾರದು. ಪಾಂಡುರಂಗನ ಬೆರಳುಗಳೂ ಲೆಕ್ಕದಲ್ಲಿ ಬರಬೇಕು. ಆದರೆ ಆಜ್ಞೆಯನ್ನು ಅಕ್ಷರಶಃ ಪಾಲಿಸಲು ಸಿದ್ಧನಾಗಿದ್ದ ನನ್ನ ಬೆರಳಿನಲ್ಲಿ ಮೂರು ಹೆಣಗಳಿದ್ದವು. ಇದನ್ನು ಹೇಗೆ ಕೂಡಿಸಿ ಕಳೆಯುವುದೋ ನನಗೆ ಇನ್ನೂ ಬರುವುದಿಲ್ಲ.

ಇದನ್ನು ಬರೆಯಲು ಶುರು ಮಾಡಿದಾಗ ಆ ಪುಟ ತೆರೆಯಬೇಕಾಯಿತು. ಖಾಲಿ ಗೆರೆ ಹಾಗೇ ಇತ್ತು. ನೀಲಿ ಪೆನ್ನಿನಲ್ಲಿ ೩.೧೯ರದ್ದನ್ನು ಬರೆದು, ಕೆಳಗೆ ಬರೆದ ದಿನದ ತಾರೀಕು ಹಾಕಿ, ಡೈರಿಯನ್ನು ಚೀಲದಲ್ಲಿಟ್ಟು ಕೊಲ್ಲಮೊಗ್ರಿಗೆ ಹೋದೆ. ಚುನಾವಣೆ ಘೋಷಣೆಯಾದ ವಾರ. ತೀರ್ಥರಾಮ ಆಗಷ್ಟೇ ಅಜ್ಜನ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬಂದು, ರಬ್ಬರು ಶೀಟು ಒಣಗಿಸುತ್ತಿದ್ದ. ಪ್ರತಿ ಚುನಾವಣೆಗೂ ನಮ್ಮ ಕಡೆಯ ಕೋವಿಗಳೆಲ್ಲ ಹೀಗೆ ಠಾಣೆ ಸೇರುತ್ತವೆ, ಮುಗಿದ ಮೇಲೆ ಹಿಂದಿರುಗುತ್ತವೆ.

ನನ್ನ ಮುಖ ನೋಡಿ, ಎಂತ, ಯಾರಾದರೂ ಹೋದರಾ ಎಂದು ಕೇಳಿದ. ಒಂದು ವಿಷಯ ಹೇಳಲಿಕ್ಕುಂಟು ಎಂದೆ.

"ಹೇಳು," ಎಂದ. "ಕೋವಿ ಠಾಣೆಯಲ್ಲಿ ಉಂಟು. ಎಂತ ಬೇಕಾದ್ರೂ ಹೇಳ್ಬಹುದು."

ಡೈರಿ ತೆರೆದು ಕೊಟ್ಟೆ. ಅವನು ಕೈ ಒರಸಿಕೊಂಡು ಓದಿದ, ಮೊದಲ ಸಲ ಗುಂಡು ಹಾರಿಸಿದ ದಿನದಷ್ಟೇ ನಿಧಾನವಾಗಿ.

"ಒಂದು ನಿಮಿಷ ಅಲ್ಲ," ಎಂದ. "ಒಂದೂವರೆ."

ಡೈರಿ ಹಿಂದೆ ಕೊಟ್ಟ. ಅವನೇ ಮುಂದುವರಿಸಿದ.

"ನೀನು ಹತ್ತಿದ್ದು ನೋಡಿದೆ. ಅಲ್ಲಿ ಡೈರಿ ಓದುವಾಗ ಗೆರೆ ಖಾಲಿ ಇದ್ದದ್ದೂ ಕಂಡಿತು. ನಿನ್ನ ಡೈರಿಯಲ್ಲಿ ಖಾಲಿ ಗೆರೆ ಅಂತ ನಾನು ನೋಡಿದ್ದು ಅದೊಂದೇ ಮಾರಾಯ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಾನು ಕೂ ಹಾಕಿದ್ದು ಹಾಕಿದ್ದಲ್ಲ ಅಂತ ಆಗ್ತಿತ್ತಾ? ನಂದು ನಂಗೆ ಸಿಗುದು ಸಿಗ್ತಿತ್ತು. ನಿಂಗೂ ಸಿಗ್ತಿತ್ತು, ಅಷ್ಟೆ." ಶೀಟು ಮಗುಚಿ ಹಾಕಿದ. "ಸಿಟ್ಟು ಬರ್ಲಿಲ್ಲ ಅಂತ ಮಾತ್ರ ಬರಿಬೇಡ. ಬಂದಿತ್ತು. ಸುಮಾರು ಬಂದಿತ್ತು. ಎಂತಾದ್ರೂ ಮಾಡ್ಬೇಕಲ್ಲ ಅಂತ ಯೋಚನೆ ಮಾಡಿದೆ. ಮತ್ತೆ ಮಾಂಬಳ ಕೊಡುದು ನಿಲ್ಲಿಸಿದೆ. ಅಷ್ಟು ಸಾಕು ಅಂತ ಕಂಡಿತು."

ನನ್ನ ಹದಿನೇಳು ವರ್ಷದ ಕೆಲಸವನ್ನು ಹಾಳು ಮಾಡಬಹುದಾಗಿದ್ದ ಒಂದು ವಾಕ್ಯ ಅವನ ಬಾಯಲ್ಲಿ ತುಂಬಿಯೇ ಇತ್ತು. ಅವನು ಅದನ್ನು ಹಾರಿಸಲಿಲ್ಲ. ಒಣಗಿದ ಮಾವಿನ ರಸ ಸಾಕಾಯಿತು ಅವನಿಗೆ. ಆಗ ನನಗೆ ಪಶ್ಚಾತ್ತಾಪ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಹಳೆಯ ಹೊಟ್ಟೆಕಿಚ್ಚೇ. ಇದನ್ನೂ ಇವನೇ ಮಾಡಬೇಕಿತ್ತಾ ಎಂದು.

ಭಾನುವಾರ ಮೈದಾನಕ್ಕೆ ಬಂದು ಮಕ್ಕಳನ್ನು ನೋಡು ಎಂದು ಕರೆದೆ. ಬರುತ್ತಾನೆಂದು ಅಂದುಕೊಂಡಿರಲಿಲ್ಲ. ಮೊದಲ ಬಸ್ಸಿಗೇ ಬಂದ, ಕೈಯಲ್ಲಿ ಬಟ್ಟೆಯಲ್ಲಿ ಹೊಲಿದ ಒಂದು ಪೊಟ್ಟಣ. ಹತ್ತು ನಿಮಿಷದೊಳಗೆ ಹದಿಮೂರೂ ಮಂದಿ ಅವನ ಸುತ್ತ. ಆರು ತಿಂಗಳಿಂದ ಕಲಿಸುತ್ತಿರುವವನು ನಾನು. ಓಟ ಮುಗಿದು ನೀರು ಕುಡಿಯುವಾಗ, ಪುತ್ತೂರಿನ ಬೆಟ್ಟಂಪಾಡಿಯಿಂದ ಬರುವ ಹುಡುಗಿ ಅವನನ್ನು ಅದೇ ಪ್ರಶ್ನೆ ಕೇಳಿದಳು. ಸರ್, ಎಷ್ಟು ಜನರನ್ನು ಹೊಡೆದಿದ್ದೀರಿ?

ಅವನು ನನ್ನ ಕಡೆ ಬೆರಳು ತೋರಿಸಿದ. ಮಕ್ಕಳು ನಕ್ಕರು. ಅವರಿಗೆ ಅದು ತಮಾಷೆ.

"ಲೆಕ್ಕ ಇವನತ್ರ ಉಂಟು. ಕೇಳಿ."

ಡೈರಿ ಚೀಲದಲ್ಲೇ ಇತ್ತು. ಫೆಬ್ರವರಿ ಹನ್ನೊಂದರ ಪುಟ ತೆರೆದು, ೩.೧೦ ಓದಿದೆ. ೩.೧೪ ಓದಿದೆ. ತೀರ್ಥರಾಮ ಪೊಟ್ಟಣದ ಹೊಲಿಗೆ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ. ೩.೧೯ ಓದಿದೆ, ನೀಲಿ ಅಕ್ಷರದ್ದು, ಹೆಲ್ಮೆಟ್ ಇಲ್ಲದ ತಲೆಯ ತನಕ, ಕೊನೆಯ ಬೈಗುಳದ ತನಕ. ಒಂದು ನಿಮಿಷ ಎಂದಿದ್ದಲ್ಲಿ ಒಂದೂವರೆ ಎಂದು ತಿದ್ದಿ ಓದಿದೆ. ಒಬ್ಬ ಹುಡುಗ, ಹಾಗಾದ್ರೆ ಶಿಕ್ಷೆ ಯಾರಿಗಾಯ್ತು ಸರ್ ಎಂದು ಕೇಳಿದ. ಅದನ್ನೂ ಹೇಳಿದೆ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಭಾನುವಾರ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಬಳಿಕ ತೀರ್ಥರಾಮ ಎದ್ದು ಎಲ್ಲರಿಗೂ ಮಾಂಬಳ ಹಂಚಿದ. ಮಕ್ಕಳಿಗೆ ತಲಾ ಎರಡು ತುಂಡು. ಕೊನೆಗೆ ನನ್ನ ಮುಂದೆ ಬಂದು, ಪೊಟ್ಟಣದೊಳಗೆ ಸ್ವಲ್ಪ ಹೊತ್ತು ಹುಡುಕಿ, ಒಂದು ಕೊಟ್ಟ.

ಅವತ್ತಿನ ಪುಟದಲ್ಲಿ "ಮಾಂಬಳ ೧" ಎಂದು ಬರೆದಿದ್ದೇನೆ. ಪೊಟ್ಟಣದಲ್ಲಿ ಇನ್ನೂ ಏಳು ತುಂಡು ಇದ್ದವು.